ಎರಡು ಸಲ ಪಾಳಾದ ಗುಡ್ಡ

ಪಹಣಿಯಲ್ಲಿ ‘ಖರಾಬು’ ಎಂಬ ಮಾತೊಂದು ಬರುತ್ತದೆ. ಉಳುಮೆಗೆ ಬಾರದ ನೆಲವೆಲ್ಲ ಆ ಲೆಕ್ಕಕ್ಕೆ ಹೋಗುತ್ತದೆ. ನಮ್ಮ ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹೊಲಗಳ ನಡುವೆ ತಲೆಯೆತ್ತಿರುವ ಎಷ್ಟೋ ಕಲ್ಲುಗುಡ್ಡಗಳಿಗೆ ಸಿಕ್ಕಿರುವ ಹೆಸರು ಇದೇ. ಪಾಮನಕಲ್ಲೂರಿನ ಹೆಸರಿನಲ್ಲೇ ಕಲ್ಲು ಕೂತಿದೆ. ಕಂದಾಯದ ಕಾಗದದಲ್ಲಿ ಮಾತ್ರ, ಒಡೆಯಲು ಗುತ್ತಿಗೆ ಕೊಟ್ಟಾಗಲೇ ಕಲ್ಲಿಗೆ ಬೆಲೆ.

ಸಂಶೋಧನೆಗಾಗಿ ಭೂಬಳಕೆಯ ನಕ್ಷೆಗಳನ್ನು ಓದುತ್ತಿದ್ದಾಗ ಇದರದೇ ದೊಡ್ಡ ರೂಪ ಕಣ್ಣಿಗೆ ಬಿತ್ತು. ಕೇಂದ್ರ ಸರ್ಕಾರ 2000ದಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಬಂಜರು ಭೂಮಿಯ ಅಟ್ಲಾಸಿನಲ್ಲಿ ಬಂಡೆಗಲ್ಲಿನ ಬರಡು ನೆಲ ಒಂದು ವರ್ಗ, ಗಣಿಗಾರಿಕೆಯಿಂದ ಹಾಳಾದ ನೆಲ ಇನ್ನೊಂದು ವರ್ಗ. ಅಂದರೆ ಒಂದು ಗುಡ್ಡ ಒಡೆಯುವ ಮೊದಲೂ ಪಾಳು, ಒಡೆದ ಮೇಲೂ ಪಾಳು. ಅಲ್ಲಿ ಯಾರು ವಾಸವಿದ್ದಾರೆ ಎಂದು ಕೇಳುವ ಕಾಲಂ ಇಲ್ಲ.

ಹಾಗೆ ಕೇಳಿದ ಜಾಗವೊಂದು ನಮಗೆ ತೀರಾ ದೂರವೇನಿಲ್ಲ. ತುಂಗಭದ್ರೆಯ ಆಚೆ, ಹಂಪಿಗೆ ಹತ್ತಿರದ ದರೋಜಿಯ ಗುಡ್ಡಗಳು 1994ರಲ್ಲಿ ಕರಡಿಧಾಮವಾದವು. ನಮ್ಮಲ್ಲಿರುವಂಥವೇ ಬಂಡೆರಾಶಿ, ಅಂಥದೇ ಮುಳ್ಳುಕಂಟಿ. ಆ ಬಂಡೆಗಳ ಪೊಟರೆಯೇ ಕರಡಿಯ ಮನೆ ಎಂದು ಗೊತ್ತಾದ ಮೇಲೆ ಅದನ್ನು ಬರಡು ನೆಲ ಎನ್ನುವುದು ಕಷ್ಟ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾದದ್ದೂ ಅಲ್ಲಿನ ಕಡಿದಾದ ಬಂಡೆಯ ಗೋಡೆಗಳಿಂದಲೇ.

ಇವೆರಡೂ ಇಡಿಯಾಗಿ ಉಳಿದ ಗುಡ್ಡಗಳು. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯ ಕಥೆ ಏನು? ಯಂತ್ರ ನಿಂತು ಕೆಲವು ಮಳೆಗಾಲ ಕಳೆದರೆ ತಳದಲ್ಲಿ ನೀರು ನಿಲ್ಲುತ್ತದೆ, ಪುಡಿಗಲ್ಲಿನ ದಿಬ್ಬದ ಮೇಲೆ ಹುಲ್ಲು ಬರುತ್ತದೆ. ಕಡಿದ ಗೋಡೆಯ ಚಾಚಿನ ಮೇಲೆ ಕೊಂಬಿನ ಗೂಬೆ ಬಂದು ಕೂರುತ್ತದೆ. ಅದು ಕಡ್ಡಿ ಕೂಡಿಸಿ ಗೂಡು ಕಟ್ಟುವ ಹಕ್ಕಿಯಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಬಂಡೆಯ ಚಾಚಿನ ಬರಿಮಣ್ಣಿನ ಮೇಲೆ ಮೊಟ್ಟೆಯಿಡುತ್ತದೆ. ಅದರ ಊಟದಲ್ಲಿ ದೊಡ್ಡ ಪಾಲು ಇಲಿ, ಹೆಗ್ಗಣ. ಸಿಂಧನೂರಿನ ಕಡೆ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಇಲಿ ಅಂದರೆ ಏನೆಂದು ಹೇಳಬೇಕಿಲ್ಲ. ಆದರೂ ಗೂಬೆ ನಮಗೆ ಅಪಶಕುನ. ವಾಮಾಚಾರಕ್ಕೆಂದು ಅದನ್ನು ಹಿಡಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕೊಲ್ಲುವುದನ್ನೂ ಮೊಟ್ಟೆಗೆ ಕೈಹಾಕುವುದನ್ನೂ ತಡೆಯುತ್ತದೆ. ಆದರೆ ಧಾಮವಲ್ಲದ ನೆಲದಲ್ಲಿ ಅದು ಕೂರುವ ಗೋಡೆಯ ಗತಿ ಏನಾಗಬೇಕೆಂದು ತೀರ್ಮಾನಿಸುವವರು ಬೇರೆಯೇ.

ಹಳೆಯ ಕ್ವಾರಿಯೊಂದರ ದಂಡೆಯಲ್ಲಿ ಈ ಮಾತೆಲ್ಲ ಹೇಳುತ್ತಿದ್ದಾಗ, ಹಿಂದೆ ಅಲ್ಲೇ ಕಲ್ಲು ಒಡೆದಿದ್ದ ಹಿರಿಯರೊಬ್ಬರು ಕೇಳಿದರು: “ನೋಡವ್ವಾ, ಗೂಬಿ ಇರಲಿ, ಬ್ಯಾಡ ಅನ್ನಲ್ಲ. ಅದಕ್ಕಂತ ಸುತ್ತ ಬೇಲಿ ಹಾಕಿದ್ರ ನಮ್ಮ ಕುರಿ ನೀರಿಗಿ ಎಲ್ಲಿಗಿ ಹೋಗಬೇಕು?”

ಯಾವ ಯೋಜನೆಯೂ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ. ಕ್ವಾರಿಯ ನೀರು ಬೇಸಿಗೆಯಲ್ಲಿ ದನಕುರಿಗೆ ಆಸರೆ. ಅದೇ ನೀರಿಗೆ ಈಜಲು ಇಳಿದ ಮಕ್ಕಳು ಹೆಣವಾಗಿ ಮೇಲೆ ಬಂದ ಸುದ್ದಿಯನ್ನೂ ನಾವು ಮತ್ತೆ ಮತ್ತೆ ಓದುತ್ತೇವೆ. ಒಂದು ಬದಿಯನ್ನು ಇಳಿಜಾರು ಮಾಡಿ ಜನಕ್ಕೂ ಜಾನುವಾರಿಗೂ ದಾರಿ ಬಿಡಬಹುದು. ಕಡಿದಾದ ಬದಿಗೆ ಮಾತ್ರ ಬೇಲಿ ಹಾಕಿದರೆ ಮಕ್ಕಳ ಜೀವವೂ ಉಳಿಯುತ್ತದೆ, ಗೂಬೆಯ ಗೋಡೆಯೂ ಉಳಿಯುತ್ತದೆ.

ಸಾಮಾನ್ಯವಾಗಿ ನಮಗೆ ಹೊಳೆಯುವುದು ಎರಡೇ ದಾರಿ: ಗುಂಡಿಗೆ ಪೇಟೆಯ ಕಸ ಸುರಿದು ಮುಚ್ಚುವುದು, ಇಲ್ಲವೇ ಸಸಿ ನೆಟ್ಟು ಹಸಿರು ಮಾಡುವುದು. ಎರಡನೆಯದು ಕೆಲವೆಡೆ ಚೆನ್ನಾಗಿಯೇ ಕೂಡಿಬಂದಿದೆ. ಕೀನ್ಯಾದ ಮೊಂಬಾಸಾ ಬಳಿ ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲಿನ ಗಣಿಯಲ್ಲಿ ರೆನೆ ಹಾಲರ್ 1971ರಲ್ಲಿ ಗಾಳಿಮರ ನೆಡಲು ತೊಡಗಿದರು. ಆ ಜಾಗ ಇಂದು ವನ್ಯಜೀವಿಗಳ ಉದ್ಯಾನ. ಆದರೆ ಅದು ಸಮುದ್ರತೀರದ ಕಥೆ. ನಮ್ಮ ಬಯಲುಸೀಮೆಯ ಕಲ್ಲುನೆಲದ ಜೀವಿಗಳಿಗೆ ಬೇಕಿರುವುದು ತೆರೆದ ಹುಲ್ಲು, ಕುರುಚಲು, ಬರಿಬಂಡೆ. ಅಲ್ಲಿ ನೀಲಗಿರಿ ನೆಟ್ಟರೆ, ಬಳ್ಳಾರಿ ಜಾಲಿ ಹಬ್ಬಲು ಬಿಟ್ಟರೆ, ಹಸಿರು ಕಾಣುತ್ತದೆ, ಅಲ್ಲಿದ್ದವರು ಹೋಗುತ್ತಾರೆ.

ದೊಡ್ಡ ಗಣಿಗಳ ಮೇಲೆ ನ್ಯಾಯಾಲಯದ ಕಣ್ಣು ಬಿದ್ದಿದೆ. 2011ರಲ್ಲಿ ಬಳ್ಳಾರಿಯ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟು, ಮತ್ತೆ ಶುರುಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಇರಬೇಕೆಂದಿತು. ಊರ ಪಕ್ಕದ ಎರಡು ಮೂರು ಎಕರೆಯ ಕ್ವಾರಿಯ ಬಗ್ಗೆ ಅಷ್ಟು ದೂರದಿಂದ ಯಾರೂ ಯೋಚಿಸುವುದಿಲ್ಲ. ಅದು ಪಂಚಾಯಿತಿಯ ಕೆಲಸ, ಅದಕ್ಕೆ ಬೇಕಾದ ಸಾಧನಗಳೂ ಕೈಯಲ್ಲಿವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲಾತಿ ಬರೆಯಬೇಕು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯ ಅಡಿಯಲ್ಲಿ. ಇನ್ನು ದುಡ್ಡು: 2015ರಿಂದ ಗಣಿಗಾರಿಕೆಯಿರುವ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನದ ನಿಧಿಯಿದೆ, ಪರಿಸರ ಸಂರಕ್ಷಣೆ ಅದರ ಆದ್ಯತೆಯ ಬಾಬುಗಳಲ್ಲೊಂದು. ಹಟ್ಟಿಯ ಚಿನ್ನದ ಗಣಿ ಇರುವ ನಮ್ಮ ಜಿಲ್ಲೆಗೆ ಇದು ಹೊರಗಿನ ಮಾತಲ್ಲ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಅಶೋಕನ ಹೆಸರು. ಅಷ್ಟು ಹೊತ್ತಿಗೆ ಆ ಬಂಡೆಯನ್ನು ಯಾರಾದರೂ ಒಡೆದಿದ್ದರೆ ಆ ಹೆಸರೂ ಜಲ್ಲಿಯಾಗುತ್ತಿತ್ತು.

ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಶುರುವಾಗುವುದು ಅಕ್ಟೋಬರ್ 2ರ ಸುಮಾರಿಗೆ. ಗೂಬೆಯ ಮೊಟ್ಟೆಯ ಕಾಲಕ್ಕೆ ಆಗ ಇನ್ನೊಂದು ತಿಂಗಳಿರುತ್ತದೆ. ಈ ಗೋಡೆಯ ಪಕ್ಕ ನವೆಂಬರಿನಿಂದ ಏಪ್ರಿಲ್‌ವರೆಗೆ ಸಿಡಿಮದ್ದು ಬೇಡ, ಕಸ ಬೇಡ, ಕುರಿಗಳ ದಾರಿ ಇಲ್ಲಿ, ಬೇಲಿ ಅಲ್ಲಿ ಎಂದು ಠರಾವಿನಲ್ಲಿ ಬರೆಸಲು ಅಷ್ಟು ಸಮಯ ಸಾಕು. ಅದನ್ನು ಬರೆಸಬೇಕಾದವರು ಕಲ್ಲು ಒಡೆದವರು, ಕುರಿ ಕಾಯುವವರು. ಯಾವ ಚಾಚಿನ ಮೇಲೆ ಯಾರು ಕೂರುತ್ತಾರೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.