ಐಸ್‌ಕ್ರೀಮಿಗೆ ಮುಸರಿ ಇಲ್ಲ

ನಮ್ಮವ್ವ ಹೊರಗಿಂದು ಏನೂ ತಿನ್ನಂಗಿಲ್ಲ. ಹೊಟೇಲ್ ಇಡ್ಲಿ ತಂದ್ರ ‘ಯಾರ ಕೈಲೆ ಮಾಡ್ಯಾರೋ’ ಅಂತಾಳ, ಚಹಾ ಕೊಡಸ್ತೀನಿ ಅಂದ್ರ ‘ಯಾವ ನೀರೋ’ ಅಂತಾಳ. ಆದ್ರ ಐಸ್‌ಕ್ರೀಮ್ ವಿಷಯದಾಗ ಮಾತ್ರ ತನ್ನ ಕಾಯ್ದೆದೊಳಗ ಒಂದು ಸಣ್ಣ ಕಿಂಡಿ ಬಿಟ್ಕೊಂಡಾಳ.

“ಹಾಲು, ಸಕ್ರಿ. ಅನ್ನ ಇಲ್ಲ, ಬ್ಯಾಳಿ ಇಲ್ಲ. ಅದಕ್ಕೆಲ್ಲಿ ಮುಸರಿ?” ಅಂತ ಅಕಿ ವಾದ. ಶುಗರ್? ದೇವರ ದಯಾದಿಂದ ಅಕಿಗೆ ಇಲ್ಲ. ಅದು ನನಗದ.

ನಮ್ಮಪ್ಪ ಹೋಗಿ ಎರಡು ವರ್ಷ ಆತು. ಅವ್ವ ಹುಬ್ಬಳ್ಳಿ ಮನಿಯೊಳಗ ಒಬ್ಬಾಕಿನ ಇರೋದು ಬ್ಯಾಡ ಅಂತ ಈ ವರ್ಷ ಯುಗಾದಿ ಮುಗಿಸಿ ಯಲಹಂಕಕ್ಕ ಕರಕೊಂಡು ಬಂದೆ. ಬಂದಾಕಿ ಮೂರು ತಿಂಗಳು ಬಾಲ್ಕನ್ಯಾಗ ಕೂತು ಜಪಾ ಮಾಡಿದ್ಲು, ಅಷ್ಟ. ವಾಕಿಂಗ್ ಅಂದ್ರ ಬ್ಯಾಡ, ಗುಡಿ ಅಂದ್ರ ‘ಮನ್ಯಾಗ ದೇವರಿಲ್ಲೇನು’. ದಿನಾ ಸಂಜಿಮುಂದ ಒಂದ ಪ್ರಶ್ನೆ: “ನನ್ನ ಯಾವಾಗ ಕಳಸ್ತಿ?” ನಾ ಕೇಳಿಸಲಾರದವರಂಗ ಫೋನ್ ನೋಡ್ತಿದ್ದೆ. ಕಡೀಕ ನನ್ನ ಹೆಂಡತಿ ಅಂದ್ಲು, “ಅತ್ಯಾಗ ಐಸ್‌ಕ್ರೀಮ್ ತಿನ್ನಸ್ಕೊಂಡು ಬರ್ರಿ. ಚಾತುರ್ಮಾಸ ಶುರು ಆದ್ರ ಅದೂ ಇಲ್ಲ.”

ಮಾತು ಖರೆ ಇತ್ತು. ಆಷಾಢ ಏಕಾದಶಿ ಆತಂದ್ರ ಮೊದಲನೇ ತಿಂಗಳು ಶಾಕವ್ರತ, ಕಾಯಿಪಲ್ಯೆ, ಹಣ್ಣು ಬಂದ್. ಎರಡನೇದ್ದು ದಧಿವ್ರತ, ಮೊಸರು ಬಂದ್. ಮೂರನೇದ್ದು ಕ್ಷೀರವ್ರತ, ಹಾಲ ಬಂದ್. ಐಸ್‌ಕ್ರೀಮಿನವರಿಗೆ ಇಷ್ಟು ಕಟ್ಟುನಿಟ್ಟಿನ ಗಿರಾಕಿ ಬ್ಯಾರೆ ಸಿಗಲಿಕ್ಕಿಲ್ಲ. ಹಿಂಗಾಗಿ ಜೂನ್ ತಿಂಗಳದಾಗ ನಾಲ್ಕು ರವಿವಾರ, ನಾಲ್ಕು ಕಡೆ ಅಂತ ಠರಾಯಿಸಿದ್ವಿ.

ಮೊದಲನೇ ರವಿವಾರ ದೂರ ಹೋಗಲೇ ಇಲ್ಲ. ನಮ್ಮ ಯಲಹಂಕ ನ್ಯೂ ಟೌನಿನ್ಯಾಗ ಕೆಎಂಎಫ್‌ನವರ ಮದರ್ ಡೇರಿ ಅದ. ದಿಲ್ಲಿ ಮದರ್ ಡೇರಿನ ಬ್ಯಾರೆ, ಇದ ಬ್ಯಾರೆ; ಇದು ನಂದಿನಿಯವರದು. ನಾವು ಯಾರಿಗರೆ ಮನಿ ವಿಳಾಸ ಹೇಳೋವಾಗೂ ‘ಮದರ್ ಡೇರಿ ಹತ್ರ’ ಅಂತನ ಹೇಳೋದು. ನಂದಿನಿ ಪಾರ್ಲರಿನ್ಯಾಗ ವೆನಿಲಾ ಕಪ್ಪು ತೊಗೊಂಡು ಹೊರಗ ಕಟ್ಟಿಮ್ಯಾಲೆ ಕೂತ್ವಿ. ಅವ್ವ ಮುಚ್ಚಳ ತಿರುವಿ ತಿರುವಿ ನೋಡಿ ಹಸಿರು ಚುಕ್ಕಿ ಹುಡುಕಿದ್ಲು. “ಛೊಲೊ ಅದ, ಹಾಲಿನ ವಾಸನಿ ಬರ್ತದ” ಅಂದ್ಲು. ಅವ್ವನ ಕಡೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಮಾರನೇ ದಿವಸ ನಮ್ಮ ಫ್ರಿಜ್ಜಿನೊಳಗಿನ ಡಬ್ಬಿಗೂ ತಪಾಸಣಿ ಆತು. ನನ್ನ ಮಗಳಿಗೆ ಕನ್ನಡಕ ಹಾಕ್ಕೊಂಡು ಓದು ಅಂದ್ಲು. ಅದರ ಮ್ಯಾಲೆ ಐಸ್‌ಕ್ರೀಮ್ ಅಂತ ಇರಲಿಲ್ಲ, ಫ್ರೋಜನ್ ಡೆಸರ್ಟ್ ಅಂತ ಇತ್ತು. ನಮ್ಮ ದೇಶದ ಕಾಯ್ದೆ ಪ್ರಕಾರ ಬರೇ ಐಸ್‌ಕ್ರೀಮ್ ಅಂತ ಬರೀಬೇಕಂದ್ರ ಹಾಲಿನ ಕೊಬ್ಬು ನೂರಕ್ಕ ಕನಿಷ್ಠ 10 ಇರಬೇಕು. ಹಾಲಿನ ಕೊಬ್ಬಿನ ಬದಲಿ ಎಣ್ಣಿ ಹಾಕಿದ್ರ ಫ್ರೋಜನ್ ಡೆಸರ್ಟ್ ಅಂತ ಬರೀಬೇಕು. ನಾ ಇದನ್ನ ತಿಳಿಸಿ ಹೇಳಿದ್ದ ತಪ್ಪಾತು.

“ಎಣ್ಣಿ ಅಂದ್ರ ಅದು ಕರದದ್ದಕ್ಕ ಸಮಾ ಆತಲ್ಲೋ! ಇಷ್ಟು ದಿವಸ ನನಗ ಐಸ್‌ಕ್ರೀಮ್ ಅಂತ ಹೇಳಿ ಭಜಿ ತಿನ್ನಿಸಿಯೇನು?”

ಅವತ್ತಿಂದ ಡಬ್ಬಿ ಕೈಯಾಗ ಹಿಡದು ತೂಕಾನೂ ನೋಡ್ತಾಳ. ಯಾಕಂದ್ರ ಐಸ್‌ಕ್ರೀಮಿನೊಳಗ ಗಾಳಿ ಸೇರಿಸಿ ಕಡೀತಾರ, ಹಿಂಗಾಗಿ ಡಬ್ಬಿಮ್ಯಾಲೆ ಲೀಟರ್ ಅಂತಿದ್ರೂ ತೂಕ ಸುಮಾರು ಅರ್ಧ ಕಿಲೋದ ಆಜೂಬಾಜೂ ಇರ್ತದ. ಕಾಯ್ದೆನ ಲೀಟರಿಗೆ 525 ಗ್ರಾಂಕ್ಕಿಂತ ಕಡಿಮಿ ಇರಬಾರದು ಅಂತದ. “ಗಾಳಿಗೂ ರೊಕ್ಕಾ ಕೊಡ್ತೀರಿ, ಶಾಣ್ಯಾರಿದ್ದೀರಿ” ಅಂದ್ಲು.

ಎರಡನೇ ರವಿವಾರ ಕಾರ್ನರ್ ಹೌಸ್. 1982ರಾಗ ಶುರುವಾದ ನಮ್ಮ ಬೆಂಗಳೂರಿನವರದ ಅಂಗಡಿ. ಬೆಂಗಳೂರಿಗೆ ಬಂದವರಿಗೆ ತೋರಸಲಿಕ್ಕೆ ಲಾಲ್‌ಬಾಗ್, ವಿಧಾನಸೌಧ ಆದಮ್ಯಾಲೆ ನಾವು ಕರಕೊಂಡು ಹೋಗೋದು ಇಲ್ಲೇ. ಕೇಕು, ಬಿಸಿ ಚಾಕಲೇಟಿನ ಗೊಜ್ಜು, ಗೋಡಂಬಿ, ಎಲ್ಲಾ ಸೇರಿಸಿ ಕೊಡೋ ಡೆತ್ ಬೈ ಚಾಕಲೇಟ್ ಅಲ್ಲಿಯ ಹೆಸರುವಾಸಿ ಐಟಂ. ನನ್ನ ಮಗಳು ಉತ್ಸಾಹದಾಗ ಅಜ್ಜಿಗೆ ಅರ್ಥ ಹೇಳಿಬಿಟ್ಲು.

“ಏನಂದಿ? ಸಾವು? ತಿನ್ನೋ ಸಾಮಾನಿಗೆ ಯಾರರೆ ಹಿಂತಾ ಹೆಸರಿಡ್ತಾರೇನು! ಊರಾಗ ಬ್ಯಾರೆ ಹೆಸರು ಸತ್ತಿದ್ವೇನು?” ಬಾಜೂ ಟೇಬಲ್ಲಿನ ಹುಡುಗರು ಚಮಚಾ ಬಾಯಾಗ ಇಟ್ಕೊಂಡ ನಕ್ಕರು. ಅವ್ವ ತಾನೂ ನಕ್ಕಳು. ನಾ ಅಕಿ ನಕ್ಕಿದ್ದು ನೋಡಿ ಎರಡು ವರ್ಷ ಆಗಿತ್ತು.

ಮೂರನೇ ರವಿವಾರ ಮಾಲ್ ಆಫ್ ಏಷ್ಯಾ. ನಮ್ಮ ಕಡೆ ಏರ್‌ಪೋರ್ಟ್ ರೋಡಿನ್ಯಾಗ 2023ರಾಗ ತಗದದ್ದು. ಅಲ್ಲಿ ಇಟಲಿ ಹೆಸರಿನದೊಂದು ಅಂಗಡಿಯೊಳಗ ಜೆಲಾಟೊ. ಇದರಾಗ ಐಸ್‌ಕ್ರೀಮಿಗಿಂತ ಕೆನಿ ಕಡಿಮಿ, ಗಾಳಿನೂ ಕಡಿಮಿ. ಸ್ವಲ್ಪ ಕಡಿಮಿ ಥಂಡ್ಯಾಗ ಇಡತಾರ, ಹಿಂಗಾಗಿ ನಾಲಿಗಿ ಮರಗಟ್ಟಂಗಿಲ್ಲ, ರುಚಿ ಲಗೂನ ತಿಳೀತದ. ಹಲ್ಲು ಜುಮ್ ಅನ್ನೋ ವಯಸ್ಸಾದವರಿಗೆ ಇದ ಅನುಕೂಲ. ಆದ್ರ ಕೆಲವು ಇಟಾಲಿಯನ್ ಪದ್ಧತಿಯೊಳಗ ತತ್ತಿಯ ಹಳದಿ ಹಾಕ್ತಾರ. ಅದಕ್ಕ ಮೊದಲ ಕೇಳೋದು ಛೊಲೊ. ಅವ್ವ ಕೇಳಿದ್ಲು, ಅದೂ ಆ ಸಾಲಿನ್ಯಾಗ ನಿಂತ ಎಲ್ಲಾರಿಗೂ ಕೇಳೋಹಂಗ: “ತಮ್ಮಾ, ತತ್ತಿ ಹಾಕಿಲ್ಲ ಹೌದಲ್ಲೋ?” ಆ ಹುಡುಗ ಈಶಾನ್ಯದ ಕಡೆಯಾಂವ, ತತ್ತಿ ಅಂದ್ರೇನಂತ ಅವಗ ತಿಳೀಲಿಲ್ಲ. ನಾ ‘ಎಗ್’ ಅಂದೆ. “ನೋ ಎಗ್, ಅಜ್ಜಿ” ಅಂದ. ಅವಗ ಕನ್ನಡದಾಗ ಅದೊಂದ ಶಬ್ದ ಬರ್ತಿತ್ತೋ ಏನೋ, ಅವ್ವಗ ಅಷ್ಟ ಸಾಕಾತು. ರುಚಿ ನೋಡಲಿಕ್ಕೆ ಅಂತ ಕೊಟ್ಟ ಸಣ್ಣ ಚಮಚಾ ಮಾತ್ರ ಮುಟ್ಟಲಿಲ್ಲ. “ರುಚಿ ನೋಡಿ ಒಲ್ಲೆ ಅನ್ನಲಿಕ್ಕೆ ಮನಸ್ಸಾಗಂಗಿಲ್ಲ” ಅಂದು, ಹೇಳಿದ್ದಕ್ಕ ಪೂರ್ತಿ ರೊಕ್ಕಾ ಕೊಡ್ಸಿ ತಿಂದ್ಲು.

ನಾಲ್ಕನೇ ರವಿವಾರ ಹೆಬ್ಬಾಳದ ಫ್ಲೈಓವರ್ ದಾಟಿ ಊರೊಳಗ ನ್ಯಾಚುರಲ್ಸ್ ಅಂಗಡಿಗೆ ಹೋದ್ವಿ. ದಾರ್ಯಾಗ ಗಾಡಿಗಳ ಗದ್ಲದೊಳಗ ನಾ ಅವ್ವಗ ಆ ಅಂಗಡಿ ಕಥಿ ಹೇಳಿದೆ. ಮೂಲ್ಕಿಯ ಹಣ್ಣಿನ ವ್ಯಾಪಾರಿ ಮಗ ರಘುನಂದನ ಕಾಮತ್ ಅಂತ, ಮುಂಬೈಕ್ಕ ಹೋಗಿ 1984ರಾಗ ಜುಹೂದಾಗ ಸಣ್ಣ ಅಂಗಡಿ ಹಾಕಿದ್ರು. ಹಣ್ಣಿನ ರುಚೀನ ಐಸ್‌ಕ್ರೀಮಿನೊಳಗ ಬರಬೇಕು ಅನ್ನೋದು ಅವರ ಹಟಾ. ಎಳನೀರು, ಹಲಸಿನ ಹಣ್ಣು, ಸೀತಾಫಲ, ಹಿಂತಾವು. ಅವರು 2024ರಾಗ ತೀರಿಕೊಂಡ್ರು. “ನಮ್ಮ ಕಡಿಯವರ ಅಂತ ಆತಲ್ಲ” ಅಂತ ಅವ್ವ ಮೂಲ್ಕಿನ್ನ ಹುಬ್ಬಳ್ಳಿ ಬಾಜೂಕ ತಂದು ಇಟ್ಲು.

ಅಂಗಡ್ಯಾಗ ನಾ ದೊಡ್ಡಸ್ತನ ತೋರಿಸಿದೆ. “ಅವ್ವಾ, ಸೀತಾಫಲ ತೊಗೋ. ಬೀಜ ತಗಿಯೋ ತ್ರಾಸಿಲ್ಲ.” ನಮ್ಮ ಹುಬ್ಬಳ್ಳಿ ಮನಿ ಹಿತ್ತಲದಾಗ ಸೀತಾಫಲದ ಗಿಡ ಅದ. ಅಪ್ಪ ಹಚ್ಚಿದ್ದು. ಹಣ್ಣಿನ ದಿವಸದಾಗ ಅಪ್ಪ ಊಟಾ ಬಿಟ್ಟಾನು, ಅದನ್ನ ಬಿಡ್ತಿದ್ದಿಲ್ಲ.

“ಬ್ಯಾಡ. ಎಳನೀರಿಂದು ಕೊಡಸು.”

“ಯಾಕ? ನಿನಗೂ ಸೇರ್ತದಲ್ಲ?”

“ಗಯಾದಾಗ ಬಿಟ್ಟೇನಿ.”

ಅಷ್ಟ ಅಂದ್ಲು, ಕೈಚೀಲದಾಗಿಂದ ಕರವಸ್ತ್ರ ತಗದು ಟೇಬಲ್ ಒರಸಲಿಕ್ಕೆ ಹತ್ತಿದ್ಲು.

ಅಪ್ಪನ ವರ್ಷಾಂತಿಕ ಮುಗದಮ್ಯಾಲೆ ಗಯಾಕ್ಕ ಹೋಗಿದ್ವಿ. ಪಿಂಡ ಇಟ್ಟಮ್ಯಾಲೆ ಅಕ್ಷಯವಟದ ಕೆಳಗ ನಿಂತು ಒಂದು ಹಣ್ಣು, ಒಂದು ಕಾಯಿಪಲ್ಯೆ ಬಿಡಬೇಕಂತ ಆಚಾರ್ರು ಹೇಳಿದ್ರು, ಮನಸ್ಸಿಗೆ ಸೇರಿದ್ದು ಬಿಡ್ರಿ ಅಂತನೂ ಅಂದ್ರು. ನಾ ಪಪಾಯಿ ಹಣ್ಣು, ಹಾಗಲಕಾಯಿ ಬಿಟ್ಟೆ. ಎರಡೂ ನಾ ಹುಟ್ಟಿದಾಗಿಂದ ತಿಂದಿದ್ದಿಲ್ಲ. ಶಾಣ್ಯಾತನ ಮಾಡಿದೆ ಅಂತ ಹೆಂಡತಿ ಕಡೆ ನೋಡಿ ಹುಬ್ಬು ಹಾರಿಸಿದ್ದೂ ನೆನಪದ. ಅವ್ವ ಕಣ್ಣು ಮುಚ್ಚಿ ಏನೋ ಅಂದಿದ್ಲು. ಏನು ಬಿಟ್ಟಿ ಅಂತ ನಾ ಕೇಳಿರಲಿಲ್ಲ. ಒಂದು ವರ್ಷ ಕೇಳಿರಲಿಲ್ಲ.

ಎಳನೀರಿನ ಐಸ್‌ಕ್ರೀಮ್ ಬಂತು. ಅದರೊಳಗಿನ ಎಳೆಗಂಜಿ ಚೂರು ಅವ್ವಗ ಭಾಳ ಸೇರಿತು. ನಾ ಸೀತಾಫಲ ಹೇಳಿಬಿಟ್ಟಿದ್ದೆ, ತಿನ್ನಲಿಕ್ಕೆ ಬಾಯಿ ಬರಲಿಲ್ಲ. “ಕರಗ್ತದ, ತಿನ್ನೋ. ನೀ ಏನು ಬಿಟ್ಟಿಲ್ಲಲ್ಲ” ಅಂದ್ಲು. ತಿಂದೆ. ನಮ್ಮ ಹಿತ್ತಲದ ಹಣ್ಣಿನ ರುಚೀನ ಇತ್ತು.

“ಈಗ ಗಿಡಕ್ಕ ಹೂವು, ಈಚು ಹತ್ತಿರಬೇಕು. ಭಾದ್ರಪದಕ್ಕ ಬಲೀತಾವ” ಅಂದ್ಲು ಅವ್ವ ಗಾಡಿಯೊಳಗ. “ಯಾರರೆ ಇಲ್ಲಂದ್ರ ಅಳಲಿ ತಿಂದು ಹಾಕ್ತಾವ. ಓಣಿ ಹುಡುಗರು ಅಜ್ಜಿ ಎಲ್ಲಿ ಅಂತ ಕೇಳ್ತಾವಂತ. ಅವರಪ್ಪಗ ಹೋದ ವರ್ಷ ಹದಿನೈದು ಮನಿಗೆ ಹಂಚಿದ್ದೆ.”

“ನೀನ ತಿನ್ನಂಗಿಲ್ಲಂದ್ರ ಯಾಕವ್ವಾ ಇಷ್ಟು ಜೀವ ಅದರಮ್ಯಾಲೆ?”

“ಹಣ್ಣ ಬಿಟ್ಟೇನಿ. ಗಿಡಾ ಬಿಟ್ಟಿಲ್ಲ.”

ನನ್ನ ಕಡೆ ಉತ್ತರ ಇರಲಿಲ್ಲ. ಹೆಬ್ಬಾಳದ ಸಿಗ್ನಲ್ಲಿನ್ಯಾಗ ಗಾಡಿ ನಿಂತಿತ್ತು. ಹಿಂದಿನ ಸೀಟಿನಿಂದ ನನ್ನ ಹೆಂಡತಿ ಹೆಗಲಮ್ಯಾಲೆ ತಿವದು, ರೈಲ್ವೆ ಆ್ಯಪ್ ತಗದ ಫೋನ್ ನನ್ನ ಕೈಯಾಗ ಕೊಟ್ಲು.

ಯಶವಂತಪುರದಿಂದ ಮುಂಜಾನೆ ಜನಶತಾಬ್ದಿ. ಅವ್ವ ನಾಡದ ಶನಿವಾರ ಹೊರಟಾಳ. ಬಾಜೂಮನಿಯವರಿಗೆ ದಿನಾ ಎರಡು ಹೊತ್ತು ನೋಡ್ರಿ ಅಂತ ಹೇಳೇನಿ, ನಾನೂ ತಿಂಗಳಿಗೊಮ್ಮೆ ಹೋಗಬೇಕಂತ ಮಾಡೇನಿ. ಹೆದರಿಕಿ ಇಲ್ಲಂತ ಅಲ್ಲ, ಅದ. ನಿನ್ನೆ ಚೀಲಾ ಕಟ್ಟೋವಾಗ ಅವ್ವ ಹೇಳಿದ್ಲು, “ಭಾದ್ರಪದಕ್ಕ ಬಾ. ನಿಂದೊಂದು ಬುಟ್ಟಿ ತಗದಿಟ್ಟಿರ್ತೀನಿ. ಬರೋವಾಗ ಆ ಎಳನೀರಿಂದು ಒಂದು ಡಬ್ಬಿ ತೊಗೊಂಡ ಬಾ.”

“ಅವ್ವಾ, ಅಲ್ಲೀತನಕ ಕರಗಿ ನೀರಾಗ್ತದ. ಮ್ಯಾಲೆ ಕ್ಷೀರವ್ರತ ಬ್ಯಾರೆ ಬರ್ತದ.”

ಬೆರಳು ಎಣಿಸಿ ನೋಡಿದ್ಲು. “ಹಂಗಂದ್ರ ವ್ರತಾ ಹಿಡಿಯೋಕ್ಕಿಂತ ಮುಂಚೆ ಬಾ. ಕರಗಿದ್ರ ಕರಗಲಿ, ಕುಡೀತೀನಿ. ಹಾಲಿಗೇನು ಮುಸರಿ ಅದ?”