ಹೆಸರು ಯೆಜ್ಡಿ, ಗಾಡಿ ಬೇರೆ

ನಮ್ಮ ಹನಗೋಡು ಕಡೆ ನಾಲ್ಕು ದಿನದಿಂದ ಸೋನೆ ಹಿಡಿದಿದೆ. ಎರಡನೇ ಸಲ ಮುರಿದ ಸೊಪ್ಪನ್ನ ಬ್ಯಾರನ್ನಿಗೆ ಏರಿಸಿ ಬೆಂಕಿ ಕೊಟ್ಟಾಯ್ತು. ಈಗ ರಾತ್ರಿ ಹನ್ನೊಂದು ಗಂಟೆ. ಸೌದೆ ಹಾಕ್ಕೊಂಡು, ಥರ್ಮಾಮೀಟರ್ ನೋಡ್ಕೊಂಡು ಕೂತಿದೀನಿ. ನಿದ್ದೆ ಮಾಡೋ ಹಂಗಿಲ್ಲ, ಅದಕ್ಕೇ ಬರೀತಾ ಇದೀನಿ. ಹೋದ ವಾರ ಶುಂಠಿ ಕೊಳೆರೋಗದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲ. ಇವತ್ತು ಗಾಡಿ ವಿಚಾರ. ಯಾಕೆಂದರೆ ಸಂತೆಯಲ್ಲಿ, ಡೈರಿ ಹತ್ರ, ಸಿಕ್ಕಿದವರೆಲ್ಲ ಕೇಳೋದು ಒಂದೇ: "ಏನಣ್ಣ, ಹೊಸ ಯೆಜ್ಡಿ ತರಕ್ಕೆ ಹೋಗಿ ಬರಿಗೈಲಿ ಬಂದ್ಯಂತೆ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡ್ತೀನಿ.

ನನ್ನ ಗಾಡಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1986ರ ಯೆಜ್ಡಿ, 250 ಸಿಸಿ, ಕಪ್ಪು ಬಣ್ಣ. ನಮ್ಮಪ್ಪ 1990ರಲ್ಲಿ ಮೈಸೂರಿನ ಒಬ್ಬ ಮೇಷ್ಟ್ರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆ ವರ್ಷ ಹರಾಜಲ್ಲಿ ನಮ್ಮ ಬೇಲ್‌ಗಳಿಗೆ ಒಳ್ಳೆ ರೇಟು ಸಿಕ್ಕಿತ್ತು. ಅಪ್ಪ ಒಂದು ದಿನವೂ ಓಡಿಸಲಿಲ್ಲ, ಹಿಂದೆ ಕೂರೋರು ಅಷ್ಟೇ. ಓಡಿಸಿದ್ದೆಲ್ಲ ನಾನು. ಯೂರಿಯಾ ಮೂಟೆ, ಹಾಲಿನ ಕ್ಯಾನು, ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಶುಂಠಿ ಬಿತ್ತನೆ ಚೀಲ, ಏನು ಹೇರಿದರೂ ಬೇಡ ಅನ್ನಲಿಲ್ಲ. ಒಂದು ಸಲ ಕಾಯಿಲೆ ಬಿದ್ದ ಕರುವನ್ನ ಗೋಣಿಚೀಲದಲ್ಲಿ ಸುತ್ತಿ, ನಮ್ಮನೆಯವಳು ತೊಡೆ ಮೇಲೆ ಇಟ್ಕೊಂಡು ಹಿಂದೆ ಕೂತು, ಹುಣಸೂರಿನ ದನದ ಆಸ್ಪತ್ರೆಗೆ ಹೋಗಿದ್ವಿ. ಕರು ಉಳೀತು. ಅದರ ಮೊಮ್ಮಗಳು ಈಗ ಕೊಟ್ಟಿಗೇಲಿ ಹಾಲು ಕೊಡ್ತಾ ಇದೆ.

ಹುಡುಗರಿಗೆ ಗೊತ್ತಿರಲ್ಲ, ಅದಕ್ಕೆ ಒಂಚೂರು ಹೇಳ್ತೀನಿ. ಹಳೇ ಜಾವಾ, ಯೆಜ್ಡಿಲಿ ಕಿಕ್ಕರು, ಗೇರು ಎರಡೂ ಒಂದೇ ಲಿವರ್. ಅದೂ ಎಡಗಡೆ. ಲಿವರ್‌ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಬಿದ್ದರೆ ಅದೇ ಗೇರು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಟೂ ಸ್ಟ್ರೋಕು, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಚೈನಿಗೆ ಪೂರ್ತಿ ಮುಚ್ಚಿದ ಕವರ್, ನಮ್ಮ ಗದ್ದೆ ಬಯಲಿನ ಕೆಸರಲ್ಲಿ ಓಡಾಡೋರಿಗೆ ಅದು ದೊಡ್ಡ ಅನುಕೂಲ. ಹೆಡ್‌ಲೈಟು ಮಾತ್ರ ಬುಡ್ಡಿ ದೀಪ. ಬ್ರೇಕು ದೇವರ ಮೇಲೆ ಭಾರ ಹಾಕಿ ಹಿಡೀಬೇಕು. ಸುಳ್ಳು ಯಾಕೆ ಹೇಳಲಿ.

ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಲಿ. 1960ರ ಹೊತ್ತಿಗೆ ಶುರುವಾದ ಫ್ಯಾಕ್ಟರಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ಲೈಸೆನ್ಸ್ ತಗೊಂಡು ಮಾಡ್ತಿದ್ರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಅಂತಾಯ್ತು. ನಮ್ಮ ಸೋದರಮಾವ ಅಲ್ಲೇ ಕೆಲಸಕ್ಕಿದ್ದ. ಇಂಜಿನ್ ಜೋಡಿಸೋ ಕಡೆ. ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಗಾಡಿ ಸದ್ದು ಕೇಳಿ, ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ದವನು ಕೂತಲ್ಲಿಂದಲೇ "ಪಾಯಿಂಟ್ ಗ್ಯಾಪ್ ನೋಡ್ಲಾ, ಜಾಸ್ತಿ ಆಗದೆ" ಅನ್ನೋನು. ನೋಡಿದರೆ ಹೌದು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಮಾವ ಊರಿಗೆ ಬಂದು ಬಸ್‌ಸ್ಟ್ಯಾಂಡ್ ಹತ್ರ ಒಂದು ತಗಡಿನ ಶೆಡ್ ಹಾಕ್ಕೊಂಡು ಹಳೇ ಜಾವಾ, ಯೆಜ್ಡಿ ರಿಪೇರಿ ಮಾಡ್ತಾ ಕೊನೇ ತನಕ ಜೀವನ ತೆಗೆದ. ಪ್ಲಗ್ ಬಿಚ್ಚಿ ಬಣ್ಣ ನೋಡೋದು, ಕಾರ್ಬೊರೇಟರ್ ತೊಳೆಯೋದು, ಕ್ಲಚ್ ಪ್ಲೇಟ್ ಹಾಕೋದು, ಎಲ್ಲ ಅವನೇ ಕಲಿಸಿದ್ದು. ಮೂವತ್ತೈದು ವರ್ಷದಲ್ಲಿ ಈ ಗಾಡಿ ನನ್ನನ್ನ ದಾರೀಲಿ ನಿಲ್ಲಿಸಿದ್ದು ಬೇಕಾದಷ್ಟು ಸಲ, ಆದರೆ ತಳ್ಳಿಕೊಂಡು ಮನೆಗೆ ಬಂದಿದ್ದು ಎರಡೇ ಸಲ.

ಈಗ ತೊಂದರೆ ಗಾಡೀದಲ್ಲ, ನಂದು. ಎರಡು ವರ್ಷದಿಂದ ಎಡಗಾಲಿನ ಮಂಡಿ ಕೈಕೊಟ್ಟಿದೆ. ಡಾಕ್ಟ್ರು ಎಕ್ಸ್‌ರೇ ಹಿಡ್ಕೊಂಡು ಸವೆದಿದೆ ಅಂದ್ರು. ಕುಕ್ಕರಗಾಲಲ್ಲಿ ಕೂರಬೇಡಿ, ಭಾರ ಹೊರಬೇಡಿ, ಕಿಕ್ಕರ್ ಹೊಡೀಬೇಡಿ ಅಂದ್ರು. ಮೊದಲನೇ ಎರಡು ಮಾತು ರೈತನಿಗೆ ಹೇಳೋ ಮಾತೇ ಅಲ್ಲ ಬಿಡಿ. ಮೂರನೇದು ಮಾತ್ರ ಎದೆಗೆ ನಾಟಿತು.

ನಮ್ಮ ಮಗ ಮೈಸೂರಿನ ಹೂಟಗಳ್ಳಿಲಿ ಕೆಲಸಕ್ಕಿದಾನೆ. ಅವನೇ ತಲೆಗೆ ಹಾಕಿದ್ದು. "ಅಪ್ಪ, ಯೆಜ್ಡಿ ತಿರುಗಾ ಬಂದದೆ. ಸೆಲ್ಫ್ ಸ್ಟಾರ್ಟು. ಬೆರಳಲ್ಲಿ ಒತ್ತಿದ್ರೆ ಆಯ್ತು." ನಾನೂ ಪೇಪರಲ್ಲಿ ನೋಡಿದ್ದೆ. ಮಹೀಂದ್ರ ಗುಂಪಿನ ಕ್ಲಾಸಿಕ್ ಲೆಜೆಂಡ್ಸ್ ಅನ್ನೋ ಕಂಪನಿಯವರು 2018ರಲ್ಲಿ ಜಾವಾ ಹೆಸರಲ್ಲಿ, ಆಮೇಲೆ 2022ರ ಜನವರಿಲಿ ಯೆಜ್ಡಿ ಹೆಸರಲ್ಲಿ ಗಾಡಿ ಬಿಟ್ಟಿದ್ರು. ಯೆಜ್ಡಿ ಅನ್ನೋ ಹೆಸರು ಯಾರಿಗೆ ಸೇರಬೇಕು ಅಂತ ಹೈಕೋರ್ಟಿನ ತನಕ ವ್ಯಾಜ್ಯ ಹೋಗಿತ್ತು. ಒಂದು ಹೆಸರಿಗೆ ಅಷ್ಟು ಬೆಲೆ ಇದ್ಯಲ್ಲ ಅಂತ ಆಗ ಹೆಮ್ಮೆ ಪಟ್ಟಿದ್ದೆ. ಮಗ ನನಗೆ ಹೇಳದೆ ಓವರ್‌ಟೈಮ್ ದುಡ್ಡು ಕೂಡಿಟ್ಟಿದ್ದ. ಹೋದ ಸಲದ ಹೊಗೆಸೊಪ್ಪಿನ ದುಡ್ಡಲ್ಲಿ ನಂದೂ ಸ್ವಲ್ಪ ಉಳಿದಿತ್ತು. ನಿಜ ಹೇಳ್ತೀನಿ, ಒಂದು ತಿಂಗಳು ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಈ ವಯಸ್ಸಲ್ಲಿ ಮದುವೆ ಗಂಡಿನ ಥರ ಆಗಿಬಿಟ್ಟಿದ್ದೆ.

ನಾಟಿ ಮುಗಿದ ಮೇಲೆ ಹೋದ ತಿಂಗಳು ಒಂದು ಭಾನುವಾರ ಮೈಸೂರಿಗೆ ಹೋದ್ವಿ. ಶೋರೂಂ ಹುಡುಗ ಒಳ್ಳೆಯವನು, ಮರ್ಯಾದೆಯಾಗಿ ಮಾತಾಡಿಸಿದ. ಗಾಡಿ ನೋಡಕ್ಕೂ ಚೆನ್ನಾಗಿದೆ. 334 ಸಿಸಿ, ಫೋರ್ ಸ್ಟ್ರೋಕು, ಆರು ಗೇರು, ಮುಂದೆ ಹಿಂದೆ ಡಿಸ್ಕ್ ಬ್ರೇಕು, ಎಬಿಎಸ್ಸು, ಇಂಜಿನ್ ತಣ್ಣಗಾಗಕ್ಕೆ ಟ್ರ್ಯಾಕ್ಟರಿಗೆ ಇದ್ದಂಗೆ ರೇಡಿಯೇಟರು. ಸೈಲೆನ್ಸರ್ ಎರಡು ಇಟ್ಟಿದ್ದಾರೆ. ಟ್ಯಾಂಕ್ ಮೇಲೆ ಯೆಜ್ಡಿ ಅಂತ ಹೆಸರು. ನಾನು ಅಭ್ಯಾಸಬಲದಲ್ಲಿ ಎಡಗಡೆ ಬಗ್ಗಿ ಕಿಕ್ಕರ್ ಹುಡುಕಿದೆ. ಇಲ್ಲ. ಬಲಗಡೆ ನೋಡಿದೆ, ಅಲ್ಲೂ ಇಲ್ಲ. "ಕಿಕ್ಕರೇ ಬರಲ್ಲ ಸಾರ್" ಅಂದ ಹುಡುಗ. ನಾನು ಬಂದಿದ್ದೇ ಕಿಕ್ಕರ್ ಹೊಡೆಯಕ್ಕಾಗಲ್ಲ ಅಂತ. ಆದರೂ ಇಲ್ಲ ಅಂದಾಗ ಒಂಥರಾ ಆಯ್ತು. ಮನುಷ್ಯನ ಬುದ್ಧಿ ನೋಡಿ.

ಇದು ಎಲ್ಲಿ ಮಾಡೋದಪ್ಪ ಅಂದೆ. ಪೀತಂಪುರ ಅಂದ. ಮಧ್ಯಪ್ರದೇಶದಲ್ಲಿ ಇಂದೋರ್ ಹತ್ರ. ಯಾದವಗಿರಿಲಿ ಮಾಡ್ತಿದ್ರಲ್ಲ, ಗೊತ್ತಾ ಅಂದೆ. "ಹೌದಾ ಸಾರ್?" ಅಂತ ಕಣ್ಣರಳಿಸಿದ. ಪಾಪ, ಫ್ಯಾಕ್ಟರಿ ಮುಚ್ಚಿದಾಗ ಅವನು ಹುಟ್ಟೇ ಇರಲಿಲ್ಲ.

ಓಡಿಸಿ ನೋಡಿ ಅಂತ ಕೀ ಕೊಟ್ಟ. ರಿಂಗ್ ರೋಡಿಗೆ ಹೋದೆ. ಗುಂಡಿ ಒತ್ತಿದ ತಕ್ಷಣ ಸ್ಟಾರ್ಟು. ಆಕ್ಸಿಲರೇಟರ್ ಕೊಟ್ಟರೆ ಕುದುರೆ ಹಂಗೆ ಎದ್ದು ಹೋಗ್ತದೆ. ಬ್ರೇಕ್ ಹಿಡಿದರೆ ಹಿಡಿದಲ್ಲೇ ನಿಲ್ತದೆ. ಒಂದು ಕಿಲೋಮೀಟರ್ ಹೋಗೋ ಹೊತ್ತಿಗೆ ನನ್ನ ಕಿವಿ ಏನೋ ಕಾಯ್ತಾ ಇದೆ ಅಂತ ಗೊತ್ತಾಯ್ತು. ಟೂ ಸ್ಟ್ರೋಕ್ ಯೆಜ್ಡಿ ಒಂದೇ ಹದದಲ್ಲಿ ಬಡ್ಕೊಳಲ್ಲ, ನಿಧಾನಕ್ಕೆ ಹೋಗುವಾಗ ಒಂದು ಬಡಿತ ಬಿಟ್ಟು ಒಂದು ಬಡಿತ, ಆಕ್ಸಿಲರೇಟರ್ ಬಿಟ್ಟಾಗ ಟಿಂಗ್ ಟಿಂಗ್ ಅಂತ ಒಂದು ಸದ್ದು. ಊರ ಹೊರಗಿನ ಅರಳಿಮರದ ತಿರುವಿಗೆ ಬಂದರೆ ಸಾಕು, ಆ ಸದ್ದಿಗೆ ನಮ್ಮನೆ ನಾಯಿ ಗೇಟಿಗೆ ಬಂದು ನಿಲ್ತದೆ. ಹಿಂದಿನ ನಾಯೀನೂ ಹಂಗೇ ಬರ್ತಿತ್ತು, ಅದರ ಹಿಂದಿಂದೂ. ಈ ಹೊಸ ಗಾಡಿ ಸದ್ದು ಕೆಟ್ಟದ್ದಲ್ಲ. ಆದರೆ ಕಣ್ಣು ಮುಚ್ಚಿ ಕೇಳಿದರೆ ಅದು ಇಂಥಾ ಗಾಡಿ ಅಂತ ನನಗೆ ಹೇಳಕ್ಕಾಗಲ್ಲ.

ವಾಪಸ್ ಬಂದು, ದಾರೀಲಿ ನಿಂತರೆ ಏನು ಬಿಚ್ಚಬೇಕು ಅಂತ ಕೇಳಿದೆ. ಏನೂ ಬಿಚ್ಚಬೇಡಿ, ಫೋನ್ ಮಾಡಿ ಅಂದ. ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್ನು. ಸೀಟಿನ ಕೆಳಗೆಲ್ಲ ವೈರು. ನಾಗರಹೊಳೆ ಕಾಡಂಚಲ್ಲಿ, ಸಂಜೆ ಏಳು ಗಂಟೆಗೆ, ಆನೆ ಹೊಲಕ್ಕೆ ಇಳಿಯೋ ಹೊತ್ತಲ್ಲಿ, ಟವರ್ ಸಿಗದ ಜಾಗದಲ್ಲಿ ನಿಂತ್ಕೊಂಡು ಯಾರಿಗೆ ಫೋನ್ ಮಾಡಲಿ? ಹಂಗಂತ ಇನ್ನೊಂದು ಮಾತೂ ಹೇಳಬೇಕು. ಅದರ ಎಲ್‌ಇಡಿ ಲೈಟಲ್ಲಿ ಆನೆ ಅರ್ಧ ಫರ್ಲಾಂಗ್ ದೂರದಿಂದಲೇ ಕಾಣ್ತದೆ. ನಂದರಲ್ಲಿ ಸೊಂಡಿಲು ಮುಟ್ಟಿದ ಮೇಲೇ ಗೊತ್ತಾಗೋದು.

ಮಗ ನನ್ನ ಮುಖಾನೇ ನೋಡ್ತಾ ಇದ್ದ. "ಹೆಂಗದೆಯಪ್ಪ?" ಅಂದ. ಚೆನ್ನಾಗದೆ ಅಂದೆ. "ಬರೆಸಲಾ ಹಂಗಾದ್ರೆ?" ಅಂದ. ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ. ದುಡ್ಡಿತ್ತು. ನನ್ನ ಬಾಯಿಂದ ಹೂಂ ಅನ್ನೋ ಮಾತು ಹೊರಡಲಿಲ್ಲ. ಬೇಡ ಕಣಪ್ಪ, ಇದು ನಮ್ಮ ಯೆಜ್ಡಿ ಅಲ್ಲ ಅಂದೆ.

ಇಲವಾಲ ದಾಟೋ ತನಕ ಅವನು ಮಾತೇ ಆಡಲಿಲ್ಲ. ಬಿಳಿಕೆರೆ ಹತ್ರ ಬಸ್ಸು ನಿಂತಾಗ ಬಾಯಿಬಿಟ್ಟ. "ನಿನ್ನ ಮಂಡಿ ಹಳೇ ಥರ ಮಾಡಿಕೊಡೋ ಕಂಪನಿ ಎಲ್ಲದೆ ಹೇಳು, ಅಲ್ಲಿಗೇ ಹೋಗಾನ." ಪಕ್ಕದ ಸೀಟಿನವರು ನಕ್ಕರು. ನಾನೂ ನಗಕ್ಕೆ ಹೋದೆ. ಅವನು ನಗಲಿಲ್ಲ. ಎಂಟು ತಿಂಗಳ ಓವರ್‌ಟೈಮು ಅದು. ಅದನ್ನ ನಾನು ನೋಡಬೇಕಿತ್ತು, ನೋಡಲಿಲ್ಲ.

ಆಮೇಲೆ ಕೂತು ಯೋಚನೆ ಮಾಡಿದೀನಿ. ಹೊಸ ಗಾಡೀಲಿ ದೋಷ ಇಲ್ಲ. ಈ ಕಾಲದಲ್ಲಿ ಹಳೇ ಯೆಜ್ಡೀನ ಹಂಗೇ ಮಾಡಿದರೆ ಹೊಗೆಗೇ ಸರ್ಕಾರ ಬಿಡಲ್ಲ, ಬಿಡಲೂಬಾರದು. ನನ್ನ ಗಾಡಿ ಹಿಂದೆ ಬಂದೋರಿಗೆ ಗೊತ್ತು ಅದರ ಕಷ್ಟ. ನನ್ನ ತಕರಾರು ಹೆಸರಿನ ಮೇಲೆ. ನಮ್ಮ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಹೊಸ ತಳಿ ತಂದರಲ್ಲ, ಅದಕ್ಕೆ ಇಂಡಾಫ್ ಅಂತ ಹೆಸರಿಟ್ಟರು. ಇಂಡಿಯಾದ್ದು ಅರ್ಧ, ಆಫ್ರಿಕಾದ್ದು ಅರ್ಧ, ಹೆಸರಲ್ಲೇ ಹೇಳಿಬಿಟ್ಟರು. ನಮ್ಮಜ್ಜಿ ಮುದ್ದೆ ರುಚಿ ಬೇರೆ ಅಂತ ಗೊಣಗ್ತಾನೇ ಉಂಡಳು, ಆದರೆ ಮೋಸ ಹೋದೆ ಅನ್ನಲಿಲ್ಲ. ಹಳೇ ತಳಿ ಹೆಸರಲ್ಲೇ ಕೊಟ್ಟಿದ್ದರೆ ತಟ್ಟೆ ತಳ್ಳೋಳು. ಈ ಗಾಡಿಗೂ ಬೇರೆ ಹೆಸರಿದ್ದಿದ್ದರೆ ನಾನು ಅವತ್ತೇ ದುಡ್ಡು ಕಟ್ಟಿ ಬರ್ತಿದ್ದೆ ಅನ್ಸುತ್ತೆ. ಮಗನ ಹತ್ರ ಇದನ್ನ ಹೇಳಿದೆ. "ಹೆಸರಿಗೋಸ್ಕರ ತಾನೆ ನೀನು ಅಲ್ಲಿಗೆ ಹೋಗಿದ್ದು" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಈಗ ಹೆಂಗೆ ಓಡಿಸ್ತಾ ಇದೀನಿ ಅಂತ ಕೇಳಿದೋರಿಗೆ: ರಾತ್ರಿ ಗಾಡೀನ ಬ್ಯಾರನ್ ಹಿಂದಿನ ಇಳಿಜಾರಲ್ಲಿ ನಿಲ್ಲಿಸ್ತೀನಿ. ಬೆಳಿಗ್ಗೆ ಕೂತು ಬಿಟ್ಟರೆ ಬಾವಿ ತನಕ ಉರುಳ್ತದೆ, ಎರಡನೇ ಗೇರಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟು. ಹುಣಸೂರು ಸಂತೇಲಿ ಮಾತ್ರ ಕಷ್ಟ, ನೆಲ ಸಮ. ಮೊನ್ನೆ ಒಬ್ಬ ಹುಡುಗನ್ನ ಒಂದು ಕಿಕ್ಕರ್ ಹೊಡ್ಕೊಡಪ್ಪ ಅಂದೆ. ಬಲಗಡೆ ನಿಂತ್ಕೊಂಡು ಎರಡು ನಿಮಿಷ ಹುಡುಕಿದ.

ಮಗ ಹೋದ ಭಾನುವಾರ ಊರಿಗೆ ಬಂದಿದ್ದ. ಇನ್ನೂ ಬಿಗುಮಾನ ಇದೆ. ಆದರೆ ಹೊರಡೋ ಮುಂಚೆ ಅವನೇ ಹೋಗಿ ಲಿವರ್ ಒತ್ತಿ, ಎತ್ತಿ, ಮೂರನೇ ಕಿಕ್ಕಿಗೆ ಸ್ಟಾರ್ಟ್ ಮಾಡಿ, ಐದು ನಿಮಿಷ ಹಂಗೇ ಬಿಟ್ಟು ಆಫ್ ಮಾಡಿ, "ಪಾಯಿಂಟ್ ಹೋಗದೆ ನೋಡು" ಅಂದು ಬಸ್ಸಿಗೆ ಹೋದ. ಬಿಚ್ಚಿ ನೋಡಿದೆ, ಹೌದು, ಸವೆದಿದೆ.

ಅದಕ್ಕೇ ಕೇಳ್ತಾ ಇದೀನಿ. ಕೆ.ಆರ್. ನಗರ, ಪಿರಿಯಾಪಟ್ಟಣ, ಕೋಟೆ ಕಡೆಯೋರು ಯಾರಾದರೂ ಹಳೇ ಗಾಡಿ ಗುಜರಿಗೆ ಹಾಕೋರಿದ್ದರೆ, ಪಾಯಿಂಟ್ ಸೆಟ್ಟು, ಕಂಡೆನ್ಸರು ಕಳಚಿಟ್ಟು ನನಗೊಂದು ಮಾತು ಹೇಳಿ. ದುಡ್ಡು ಕೊಟ್ಟೇ ತಗೋತೀನಿ. ಸೌದೆ ಹಾಕೋ ಹೊತ್ತಾಯ್ತು, ಏಳ್ತೀನಿ.