ಕ್ರುಶಿನ್ಯಾನಿಯ ಹಸಿರು ಮಸೀದಿ

ಪೋಲೆಂಡಿನ ಈಶಾನ್ಯ ಮೂಲೆಯಲ್ಲಿ, ಬೆಲರೂಸ್ ಗಡಿಯ ಹತ್ತಿರ, ಕ್ರುಶಿನ್ಯಾನಿ ಎಂಬ ಪುಟ್ಟ ಹಳ್ಳಿಯಿದೆ. ಸುತ್ತ ಹೊಲ, ಕಾಡು. ರಸ್ತೆಯ ಬದಿಗೆ ಮರದ ಮನೆಗಳು. ನಡುವೆ ಹಸಿರು ಬಣ್ಣದ ಮರದ ಕಟ್ಟಡ ಕಂಡು ನನ್ನ ಏಳು ವರ್ಷದ ಮಗಳು "ಅಮ್ಮಾ, ಚರ್ಚ್!" ಅಂದಳು. ತಪ್ಪೇನಿಲ್ಲ, ಎರಡು ಗೋಪುರಗಳಿರುವ ಅದು ಆ ಸೀಮೆಯ ಚರ್ಚುಗಳ ಹಾಗೆಯೇ ಇದೆ. ಆದರೆ ತುದಿಯಲ್ಲಿರುವುದು ಅರ್ಧಚಂದ್ರ. ಹದಿನೆಂಟನೇ ಶತಮಾನದ ಮಸೀದಿ ಅದು.

1679ರಲ್ಲಿ ರಾಜ ಮೂರನೇ ಯಾನ್ ಸೊಬಿಯೆಸ್ಕಿ ತನ್ನ ಸೈನ್ಯದ ತಾತಾರ್ ಸವಾರರಿಗೆ ಬಾಕಿ ಸಂಬಳದ ಬದಲು ಇಲ್ಲಿ ಜಮೀನು ಕೊಟ್ಟ. ಅವರ ಪೂರ್ವಿಕರು ಹದಿನಾಲ್ಕನೇ ಶತಮಾನದಿಂದಲೇ ಲಿಥುವೇನಿಯಾ ರಾಜ್ಯಕ್ಕೆ ಬಂದು ನೆಲೆಸಿದ್ದವರು. ನಿಮಗೂ ನನಗೂ ಕುತೂಹಲ ಹುಟ್ಟಿಸುವ ಸಂಗತಿ ಬೇರೆ: ಈ ಊರಿಗೆ ಬರುವ ಹೊತ್ತಿಗಾಗಲೇ ಅವರ ತಾತಾರ್ ಭಾಷೆ ಹೋಗಿತ್ತು. ಸೈನಿಕರಾಗಿ ಬಂದವರಲ್ಲಿ ಅನೇಕರು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾದರು. ಮಕ್ಕಳಿಗೆ ತಾಯಂದಿರ ಮಾತು ಬಂತು. ಯಾರೂ ಬಲವಂತ ಮಾಡಿದ್ದಲ್ಲ.

ಧರ್ಮ ಉಳಿಯಿತು, ಅದರ ಜೊತೆ ಲಿಪಿಯೂ. 'ಕಿತಾಬ್' ಎಂದು ಕರೆಯುವ ಅವರ ಕೈಬರಹದ ಪುಸ್ತಕಗಳಲ್ಲಿ ಅಕ್ಷರ ಅರಬ್ಬಿ, ಭಾಷೆ ಬೆಲರೂಸಿಯನ್ ಅಥವಾ ಪೋಲಿಷ್. ಅಡುಗೆಯೂ ಉಳಿದಿದೆ. ತೆಳು ಹಿಟ್ಟಿನ ಪದರಗಳ ನಡುವೆ ಮಾಂಸ ತುಂಬಿ, ಸುರುಳಿ ಸುತ್ತಿ ಬೇಯಿಸುವ ತಿನಿಸಿನ ಹೆಸರು 'ಪಿಯೆರೆಕಾಚೆವ್ನಿಕ್'. ತಾತಾರರ ಹೆಮ್ಮೆಯ ತಿಂಡಿಗೆ ಸ್ಲಾವಿಕ್ ಹೆಸರು!

ಮಕ್ಕಳೊಂದಿಗೆ ಹೋದರೆ, ಮಸೀದಿಯ ಹಿಂದಿನ ಮರಗಳ ನಡುವಿನ ಸ್ಮಶಾನವನ್ನೂ ನೋಡಿ. ಅದನ್ನು 'ಮಿಜಾರ್' ಅನ್ನುತ್ತಾರೆ. ಪಾಚಿ ಹಿಡಿದ ಕಲ್ಲುಗಳ ಮೇಲೆ ಅರಬ್ಬಿ ಅಕ್ಷರ, ಅದರ ಕೆಳಗೆ ಪೋಲಿಷ್. "ಮನೇಲಿ ಇದರಲ್ಲಿ ಯಾವುದು ಮಾತಾಡ್ತಿದ್ರು?" ಎಂದಳು ಮಗಳು. ಕೆಳಗಿನದನ್ನು ತೋರಿಸಿದೆ. "ಹಾಗಾದ್ರೆ ಮೇಲಿಂದು ಯಾಕೆ?"

ಪ್ರಯೋಗಾಲಯದಲ್ಲಿ ದಿನವಿಡೀ 'ಯಾಕೆ' ಎಂದು ಕೇಳುವವಳು ನಾನು; ಅವಳಿಗೆ ಮಾತ್ರ ಉತ್ತರ ಸರಿಯಾಗಿ ಕೊಡಲಾಗಲಿಲ್ಲ. ನಮ್ಮ ಮನೆಯಲ್ಲಿ ತಾತಾರರದಕ್ಕೆ ತಲೆಕೆಳಗು. ಅವಳು ಅಜ್ಜಿಯ ಜೊತೆ ಕನ್ನಡದಲ್ಲಿ ಹರಟುತ್ತಾಳೆ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮಾತು ಬಂದರೆ ಸಾಕು, ಅಕ್ಷರ ನಿಧಾನಕ್ಕೆ ಆಗಲಿ ಎಂದು ನಾನೇ ಎರಡು ವರ್ಷ ಮುಂದೂಡಿದ್ದೆ.

ಸಂಜೆ ಶಿವಮೊಗ್ಗದ ಅಜ್ಜಿಗೆಂದು ಮಸೀದಿಯ ಚಿತ್ರದ ಪೋಸ್ಟ್‌ಕಾರ್ಡ್ ಕೊಂಡೆವು. ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಬರೆದಳು. ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. ಅಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆಸಿದೆ. ಮೂರೇ ಅಕ್ಷರ, ಹತ್ತು ನಿಮಿಷ ಹಿಡಿಯಿತು.